ಒಳಗೇನಿದೆ ಹೇಳಿ

ಬೀಗದವರ ಮನೆಯಲ್ಲಿ ಅಜ್ಜನೂ ಅಪ್ಪನೂ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಮಾತು ಬಿಟ್ಟರೂ ಊಟ ಬಿಟ್ಟಿರಲಿಲ್ಲ. ಅದೂ ಒಂದೇ ಮೇಜಿನಲ್ಲಿ, ಎದುರುಬದುರು ಕೂತು. ನಡುವೆ ಕೂರುವ ಅಮ್ಮನಿಗೆ ಉಣ್ಣುವುದಕ್ಕಿಂತ ಅಂಚೆಯ ಕೆಲಸವೇ ಹೆಚ್ಚು.

“ನಿನ್ನ ಗಂಡನಿಗೆ ಹೇಳಮ್ಮಾ, ಉಪ್ಪಿನ ಡಬ್ಬಿ ಈ ಕಡೆ ದಾಟಿಸಲಿ,” ಎನ್ನುತ್ತಿದ್ದ ಅಜ್ಜ.

“ನಿನ್ನ ಮಾವನಿಗೆ ಹೇಳು, ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಿದಾರೆ,” ಎನ್ನುತ್ತಿದ್ದ ಅಪ್ಪ.

“ಆ ಡಾಕ್ಟರಿಗೆ ಹೇಳು, ಅವನ ಬೇಳೆಗೆ ಬೇಕಾದ್ರೆ ಕಮ್ಮಿ ಹಾಕ್ಕೊಳ್ಳಲಿ.”

ಡಬ್ಬಿ ಕೊನೆಗೆ ಮೊಮ್ಮಗಳ ಕೈಯಿಂದಲೇ ದಾಟಬೇಕು. ಸಣ್ಣಗೆ, ಉದ್ದಕ್ಕೆ ಬೆಳೆದ ಈ ಹುಡುಗಿಗೆ ಅಜ್ಜ ಇಟ್ಟ ಹೆಸರು ಕಡ್ಡಿ. ಇಡೀ ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿತ್ತು. ಜಗಳವೂ ಅವಳದ್ದೇ ವಿಷಯಕ್ಕೆ.

ಮನೆಯ ಮಗ್ಗುಲಲ್ಲೇ ಅವರ ಅಂಗಡಿ. ಹಲ್ಲು ಕೊರೆಯದ ಕೀಲಿಗಳು ಗೋಡೆ ತುಂಬ ನೇತಾಡುತ್ತಿದ್ದವು. ಕೀಲಿ ಕೊರೆಯುವುದರಲ್ಲಿ ಅಪ್ಪನ ಕೈ ಗಟ್ಟಿ. ಆದರೆ ಕೀಲಿಯೇ ಇಲ್ಲದ ಬೀಗಕ್ಕೆ ಕೊಕ್ಕೆ ಹಾಕಿ, ಒಳಗಿನ ಮುಳ್ಳುಗಳನ್ನು ಒಂದೊಂದಾಗಿ ಮಾತಾಡಿಸಿ ತೆಗೆಯುವ ವಿದ್ಯೆ ಅಪ್ಪನನ್ನು ಹಾರಿ ಅಜ್ಜನಿಂದ ನೇರ ಮೊಮ್ಮಗಳಿಗೆ ಬಂದಿತ್ತು. ಅಜ್ಜನ ಕೈ ಈಗ ನಡುಗುತ್ತದೆ. ಹಾಗಾಗಿ ಕೊಕ್ಕೆ ಹಿಡಿಯುವ ಕೈ ಆ ಮನೆಯಲ್ಲಿ ಉಳಿದಿದ್ದು ಒಂದೇ, ಕಡ್ಡಿಯದು.

ಅಜ್ಜ ಅವಳಿಗೆ ಕೊಕ್ಕೆ ಹಿಡಿಯುವುದಕ್ಕಿಂತ ಮೊದಲು ಕಲಿಸಿದ್ದು ಒಂದು ಪ್ರಶ್ನೆ. “ಬಾಗಿಲು ತೆಗೀರಿ ಅಂತ ಯಾರೇ ಬರಲಿ, ಮೊದಲು ಕೇಳು, ಒಳಗೇನಿದೆ ಹೇಳಿ ಅಂತ. ಸ್ವಂತ ಮನೆಯವರಾದ್ರೆ ಸಿಂಕಿನಲ್ಲಿರೋ ಎಂಜಲು ತಟ್ಟೆಯಿಂದ ಶುರು ಮಾಡ್ತಾರೆ. ಕಳ್ಳ ಆದ್ರೆ ಟಿ.ವಿ. ಇದೆ, ಬೀರು ಇದೆ ಅಂತಾನೆ. ಅದೆಲ್ಲ ಯಾರ ಮನೇಲಿಲ್ಲ?” ಅಜ್ಜನ ಅಪ್ಪ ಅಜ್ಜನಿಗೆ ಹೇಳಿಕೊಟ್ಟ ನಿಯಮ ಅದು. ಬಾಗಿಲು ತೆಗೆದ ಮೇಲೆ ಹೇಳಿದ್ದು ಸುಳ್ಳೆಂದು ಕಂಡರೆ ಮತ್ತೆ ಬೀಗ ಹಾಕಿ ಬರುವುದು.

ಕಳೆದ ವರ್ಷ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಟೈಲರಕ್ಕ ಅಳುತ್ತ ಬಂದಳು. ಅವಳು ಬಾಡಿಗೆಗಿದ್ದ ಕೋಣೆಗೆ ಬೀಗ ಬದಲಾಗಿದೆ, ಹೊಲಿಯಬೇಕಾದ ಬಟ್ಟೆಯೆಲ್ಲ ಒಳಗೆ ಸಿಕ್ಕಿಕೊಂಡಿದೆ. ಕಡ್ಡಿ ಕೇಳಬೇಕಾದ್ದನ್ನು ಕೇಳಿ, ಹೋಗಿ, ಬೀಗ ತೆಗೆದಳು. ಬೀಗ ಬದಲಿಸಿದ್ದವನು ಮನೆಯ ಮಾಲೀಕ. ಟೈಲರಕ್ಕನನ್ನು ಹೇಗಾದರೂ ಎಬ್ಬಿಸಿ ಜಾಸ್ತಿ ಬಾಡಿಗೆಗೆ ಕೊಡುವ ಆಸೆ ಅವನಿಗೆ. ಕಡ್ಡಿ ಬಾಗಿಲಲ್ಲಿ ನಿಂತಿದ್ದಾಗಲೇ ಪೊಲೀಸರನ್ನು ಕರೆಸಿದ. ಕೊಕ್ಕೆ ಯಾರ ಕೈಯಲ್ಲಿದೆಯೋ ಅವರೇ ಕಳ್ಳರು ಎಂದು ಪೊಲೀಸರು ಕಡ್ಡಿಯನ್ನು ಜೀಪು ಹತ್ತಿಸಿದರು. ಬೀದಿಯವರೆಲ್ಲ ನೋಡಿದರು. ಅಪ್ಪ ಚಪ್ಪಲಿಯೂ ಇಲ್ಲದೆ ಜೀಪಿನ ಹಿಂದೆ ಓಡಿದ.

ಕೇಸು ಹೆಚ್ಚು ದಿನ ನಡೆಯಲಿಲ್ಲ. ಟೈಲರಕ್ಕ ಬಾಡಿಗೆ ಕರಾರು ತಂದು ತೋರಿಸಿದಳು, ಮಾಲೀಕ ವಿಚಾರಣೆಗೇ ಬರಲಿಲ್ಲ, ನ್ಯಾಯಾಲಯ ಕೇಸು ವಜಾ ಮಾಡಿತು. ಅಮ್ಮ ದೊಡ್ಡ ಕೇಕು ತಂದು ಬೀದಿಗೆಲ್ಲ ಹಂಚಿದಳು. ಆದರೆ ಅವತ್ತೇ ಅಪ್ಪ ಒಂದು ಆಜ್ಞೆ ಹೊರಡಿಸಿದ: ಕಡ್ಡಿ ಇನ್ನು ಮೇಲೆ ಕೊಕ್ಕೆ ಮುಟ್ಟುವಂತಿಲ್ಲ, ಅಂಗಡಿಯಲ್ಲಿ ಕೂತು ಕೀಲಿ ಕೊರೆದರೆ ಸಾಕು.

“ನನ್ನ ಕೊಕ್ಕೆ ಸುರುಳಿ ಪೊಲೀಸರ ಹತ್ರ ಇದೆಯಲ್ಲ ಅಪ್ಪಾ, ವಾಪಸ್ ಕೊಟ್ರಾ?” ಎಂದು ಕಡ್ಡಿ ಕೇಳಿದ್ದಳು. ಬಟ್ಟೆಯಲ್ಲಿ ಸುತ್ತಿದ ಆ ಸಾಮಾನು ಅಜ್ಜ ಅವಳಿಗೆ ಕೊಟ್ಟಿದ್ದು.

“ಇನ್ನೂ ಕೊಟ್ಟಿಲ್ಲ,” ಎಂದಿದ್ದ ಅಪ್ಪ.

ಅಜ್ಜನಿಗೆ ರೇಗಿತು. “ಹಕ್ಕಿಗೆ ಹಾರಬೇಡ ಅಂತೀಯಲ್ಲೋ!”

“ನೀವು ಕಲಿಸದೆ ಇದ್ದಿದ್ರೆ ಜೀಪೂ ಇಲ್ಲ, ಪೊಲೀಸೂ ಇಲ್ಲ,” ಎಂದ ಅಪ್ಪ. ಅವರಿಬ್ಬರ ನಡುವೆ ನೇರವಾಗಿ ನಡೆದ ಕೊನೆಯ ಮಾತು ಅದು.

*

ಕಡ್ಡಿ ಕೈ ಕಟ್ಟಿಕೊಂಡು ಕೂರುವವಳಲ್ಲ. ಊರಿನ ದೊಡ್ಡ ಆಸ್ಪತ್ರೆಗೆ ಬೀಗ ನೋಡಿಕೊಳ್ಳುವವರು ಬೇಕು ಎಂಬ ಸುದ್ದಿ ಹಿಡಿದು ಹೋದಳು. ಅಲ್ಲಿ ಜೀಪಿನ ಭಯವಿಲ್ಲ ಎಂದು ಅಪ್ಪನೂ ತಡೆಯಲಿಲ್ಲ. ವಾರ್ಡುಗಳು, ಉಗ್ರಾಣ, ಔಷಧದ ಬೀರುಗಳು, ಲೆಕ್ಕವಿಲ್ಲದಷ್ಟು ಬಾಗಿಲು. ಮೇಲ್ವಿಚಾರಕಿ ಅವಳ ಕೈಗೆ ಒಂದು ಹಳೇ ಬೀಗ ಕೊಟ್ಟು ತೆಗಿ ಎಂದಳು, ತೆಗೆದದ್ದು ನೋಡಿ ನಕ್ಕಳು, ಕೆಲಸ ನಿನಗೇ ಎಂದಳು. ಒಂದು ವಾರದ ನಂತರ ಕರೆದು ಮುಖ ಸಣ್ಣ ಮಾಡಿಕೊಂಡಳು.

“ಪೊಲೀಸರಿಂದ ನಿನ್ನ ಬಗ್ಗೆ ವರದಿ ಬಂತಮ್ಮಾ. ಬಂಧನ ಆಗಿತ್ತು ಅಂತ ಇದೆ.”

“ಕೇಸು ವಜಾ ಆಯ್ತಲ್ಲ ಮೇಡಂ!”

“ನನಗೆ ಗೊತ್ತು. ಆದ್ರೆ ಔಷಧದ ಬೀರು ನೋಡು, ಮೇಲಿನವರು ಒಪ್ಪಲ್ಲ. ಹೊಸ ವಾರ್ಡು ಶುರುವಾಗೋವರೆಗೂ ಜಾಗ ಖಾಲಿ ಇಟ್ಟಿರ್ತೀನಿ. ಅಷ್ಟರೊಳಗೆ ಅದನ್ನ ಅಳಿಸಿಕೊಂಡು ಬಾ.”

ಅಂದು ರಾತ್ರಿ ಊಟದ ಮೇಜಿನಲ್ಲಿ ಕಡ್ಡಿ ಇದನ್ನು ಹೇಳಿದಾಗ ಉಪ್ಪು ಕೇಳುವವರೇ ಇರಲಿಲ್ಲ.

“ವಜಾ ಅಂದ್ರೆ ಮುಗೀತು ಅಂತ ಅಲ್ವಾ? ಮತ್ತೆ ಆ ಕೇಕು ಯಾಕೆ ಹಂಚಿದ್ದು ನಾವು?” ಎಂದಳು ಅಮ್ಮ.

ಮಾರನೆಯ ದಿನ, ಕಡ್ಡಿಯ ಕೇಸು ನಡೆಸಿದ್ದ ವಕೀಲಮ್ಮ ಬಿಡಿಸಿ ಹೇಳಿದಳು. “ಕೇಸು ವಜಾ ಆಗೋದು ಬೇರೆ, ದಾಖಲೆ ಅಳಿಸೋದು ಬೇರೆ. ಕೋರ್ಟು ಕೇಸು ಮುಚ್ಚಿದೆ. ಸ್ಟೇಷನ್ನಿನ ಪುಸ್ತಕ, ಕಂಪ್ಯೂಟರು ಮುಚ್ಚೋಕೆ ಯಾರೂ ಹೇಳಿಲ್ಲ. ನಾವೇ ಅರ್ಜಿ ಹಾಕಬೇಕು. ಪೊಲೀಸರ ಅಭಿಪ್ರಾಯ ಕೇಳ್ತಾರೆ. ಅವರು ತಕರಾರು ಮಾಡದೆ ಇದ್ರೆ ಸಲೀಸು. ಒಂದೇ ಒಂದು ಮಾತು, ಯಾರೂ ಸ್ಟೇಷನ್ ಕಡೆ ಹೋಗಬೇಡಿ, ಏನೂ ಮಾತಾಡಬೇಡಿ. ಆಯ್ತಾ?”

“ಆಯ್ತು,” ಎಂದರು ಮೂವರೂ. ಅಜ್ಜ ಮನೆಯಲ್ಲಿದ್ದ. ಅಂಚೆ ಅವನಿಗೆ ತಲುಪಬೇಕಿತ್ತು. ಸರಿಯಾಗಿ ಅದೇ ವಾರ ಅಮ್ಮ ಮುಷ್ಕರ ಹೂಡಿದಳು.

ಅವಳು ದುಡಿಯುತ್ತಿದ್ದುದು ಲಾಂಡ್ರಿಯಲ್ಲಿ. ದಿನವಿಡೀ ಆವಿಯಲ್ಲಿ ನಿಂತು ಹಾಸಿಗೆಬಟ್ಟೆ ಇಸ್ತ್ರಿ ಮಾಡಿ ಬಂದವಳಿಗೆ ಅಪ್ಪ, “ನಿನ್ನ ಮಾವನಿಗೆ ಹೇಳು, ಕಿಟಕಿ ಹಾಕಲಿ,” ಎಂದ. ಅಜ್ಜ, “ನಿನ್ನ ಗಂಡನಿಗೆ ಹೇಳು, ಸೆಖೆ,” ಎಂದ. ಅಮ್ಮ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ನಾಳೆಯಿಂದ ನಾನು ಯಾರಿಗೂ ಏನೂ ಹೇಳಲ್ಲ! ಬಾಯಿ ಇದೆ, ಮಾತಾಡಿ. ಇಲ್ಲಾಂದ್ರೆ ಉಪ್ಪಿಲ್ಲದ ಊಟ ಮಾಡಿ. ಇಬ್ಬರು ಗಂಡಸರ ನಡುವೆ ನಾನೇನು ಟೆಲಿಫೋನ್ ತಂತಿನಾ?”

ಹೇಳಿದಂತೆ ನಡೆದುಕೊಂಡಳು. ಉಪ್ಪಿಲ್ಲದ ಆಲೂಗಡ್ಡೆ, ಸಕ್ಕರೆಯಿಲ್ಲದ ಟೀ, ಹಾಕದ ಕಿಟಕಿ. ವಕೀಲಮ್ಮನ ಎಚ್ಚರಿಕೆಯೂ ಹೇಳದೆಯೇ ಉಳಿಯಿತು. ಅಪ್ಪ ಹೇಳುವಂತಿಲ್ಲ, ಅಮ್ಮ ಹೇಳುವುದಿಲ್ಲ, ಅಮ್ಮ ಹೇಳಿರುತ್ತಾಳೆ ಎಂದು ಕಡ್ಡಿ ಸುಮ್ಮನಾದಳು.

*

ಒಂದು ಸಂಜೆ ಅಜ್ಜ ಒಳ್ಳೆಯ ಕೋಟು ತೊಟ್ಟು ಹೊರಗಿಂದ ಬಂದ. ಮುಖದಲ್ಲಿ ಲೋಕ ಗೆದ್ದ ಕಳೆ. ಕುರ್ಚಿ ಎಳೆದು ಕೂತು, ಗೋಡೆಗೆ ಹೇಳುವಂತೆ ಹೇಳಿದ:

“ಕಡ್ಡೀ, ನಿನ್ನ ಕೆಲಸ ಆಯ್ತು ಅಂದ್ಕೋ. ಸ್ಟೇಷನ್ನಿಗೆ ಹೋಗಿ ಇನ್ಸ್‌ಪೆಕ್ಟರನ್ನೇ ಕಂಡು ಬಂದೆ.”

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಏನ್ ಹೇಳಿದಿರಿ ಮಾವಾ?”

“ಇದ್ದಿದ್ದು ಹೇಳಿದೆ. ನಮ್ಮ ಹುಡುಗಿ ಅಂಥವಳಲ್ಲ ಸ್ವಾಮಿ, ಅವಳ ಕೈಯಲ್ಲಿ ಎಂಥಾ ವಿದ್ಯೆ ಇದೆ ಗೊತ್ತಾ, ಆ ಮಾಲೀಕ ಹಾಕಿದ್ದ ಬೀಗ ಇತ್ತಲ್ಲ, ನಾನೇ ಆಗಿದ್ರೂ ಬೆವರ್ತಿದ್ದೆ, ಇವಳು ಕಣ್ಣು ಮುಚ್ಚಿ ತೆಗೆದಳು ಅಂದೆ.”

“ಅಯ್ಯೋ ದೇವರೇ.”

“ಕೇಳು, ಮುಗೀಲಿಲ್ಲ. ಯಾವ ಬೀಗವೂ ನನ್ನ ಮೊಮ್ಮಗಳ ಮುಂದೆ ನಿಲ್ಲಲ್ಲ, ಬ್ಯಾಂಕಿನ ಬೀಗ ಆದ್ರೂ ತೆಗೀತಾಳೆ ಅಂದೆ. ಇನ್ಸ್‌ಪೆಕ್ಟರು ಅಷ್ಟು ಮರ್ಯಾದೆಯಿಂದ ಕೇಳಿದ್ರು! ಟೀ ತರಿಸಿದ್ರು. ನಿಧಾನವಾಗಿ ಹೇಳಿ ಅಂತ ಎಲ್ಲಾ ಬರ್ಕೊಂಡ್ರು!”

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮಾತು ಬಿಟ್ಟಿದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಏನೇನು ಬರುತ್ತಿತ್ತೋ. ಕಡ್ಡಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಅಳು ಬರಬೇಕಾದ ಕಡೆ ನಗು ಬಂದು, ಬೇಳೆ ನೆತ್ತಿಗೇರಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು.

“ಬ್ಯಾಂಕಾ ಅಜ್ಜಾ? ಬೇರೆ ಯಾವ್ದೂ ಸಿಗಲಿಲ್ವಾ ನಿಂಗೆ?”

ಆಗ ಅಜ್ಜನಿಗೆ ಅರ್ಥವಾಯಿತು. ಕೋಟಿನ ಗುಂಡಿಯನ್ನು ಒಂದೊಂದಾಗಿ ಬಿಚ್ಚಿ, ಊಟ ಮಾಡದೆ ಎದ್ದುಹೋಗಿ ಮಲಗಿದ. ಅಮ್ಮ ಅವನ ಪಾಲಿನ ತಟ್ಟೆ ಮುಚ್ಚಿಟ್ಟಳು. ಎಲ್ಲರೂ ಒಳಗೆ ಹೋದ ಮೇಲೆ ಅಪ್ಪ ಆ ತಟ್ಟೆಯ ಪಕ್ಕ ಉಪ್ಪಿನ ಡಬ್ಬಿ ಇಟ್ಟು ಹೋದ.

ಅವರು ಹೆದರಿದಂತೆಯೇ ಆಯಿತು. ವಕೀಲಮ್ಮ ಪೊಲೀಸರ ತಕರಾರಿನ ಪ್ರತಿ ಓದಿ ಕನ್ನಡಕ ತೆಗೆದಿಟ್ಟಳು. ಇಂಥ ಕೈಚಳಕ ಉಳ್ಳವರ ದಾಖಲೆ ಅಳಿಸದೆ ಇರುವುದೇ ಸಮಾಜಕ್ಕೆ ಕ್ಷೇಮ ಎಂದಿತ್ತು. ಸಾಕ್ಷಿ: ಅರ್ಜಿದಾರಳ ಸ್ವಂತ ಅಜ್ಜ.

“ವಿಚಾರಣೆಯಲ್ಲಿ ಅಜ್ಜ ಬಾಯಿ ಬಿಡಕೂಡದು. ಸಾಮಾನು, ಕೊಕ್ಕೆ, ಕೊನೆಗೆ ಒಂದು ಸ್ಕ್ರೂಡ್ರೈವರ್ ಕೂಡ ಯಾರ ಜೇಬಿನಲ್ಲೂ ಇರಕೂಡದು,” ಎಂದಳು ವಕೀಲಮ್ಮ.

ಈ ಸಲ ಅಮ್ಮ ಮುಷ್ಕರ ಮುರಿದು, ಮಾವನ ಮುಂದೆ ನಿಂತು, ಮಗುವಿಗೆ ಹೇಳುವಂತೆ ಎರಡೆರಡು ಸಲ ಹೇಳಿದಳು. ಅಜ್ಜ ಬಾಯಿ ಮೇಲೆ ಬೆರಳಿಟ್ಟು ತಲೆಯಾಡಿಸಿದ.

*

ವಿಚಾರಣೆಯ ದಿನ ಬೆಳಿಗ್ಗೆ ಮನೆಯಲ್ಲಿ ಗಲಾಟೆಯೋ ಗಲಾಟೆ. ಅಮ್ಮ ಎಲ್ಲರ ಬಟ್ಟೆಗೂ ಲಾಂಡ್ರಿಯ ಇಸ್ತ್ರಿ ಹಾಕಿಸಿದ್ದಳು, ಅಪ್ಪನ ಷರಟಿನ ಕಾಲರು ತಟ್ಟೆಯಷ್ಟು ಗಟ್ಟಿ. “ಹೊತ್ತಾಯ್ತು, ಹೊತ್ತಾಯ್ತು!” ಎಂದು ಒಬ್ಬರನ್ನೊಬ್ಬರು ದಬ್ಬಿಕೊಂಡು ಹೊರಟರು. ಕಡೆಗೆ ಬಂದ ಅಪ್ಪ ಬಾಗಿಲು ಎಳೆದುಕೊಂಡ, ಬೀಗ ತಾನಾಗಿಯೇ ಕಚ್ಚಿಕೊಂಡಿತು.

ನ್ಯಾಯಾಲಯದ ಕೋಣೆ ಸಣ್ಣದು, ಫ್ಯಾನು ದೊಡ್ಡದು. ಟೈಲರಕ್ಕ ಮೊದಲೇ ಬಂದು ಕೂತಿದ್ದಳು. ಕಡ್ಡಿಯ ಕೈ ಹಿಡಿದು, “ನನ್ನಿಂದ ನಿಂಗೆ ಇದೆಲ್ಲ,” ಎಂದಳು.

“ಸುಮ್ನಿರಿ ಅಕ್ಕಾ, ಬಾಗಿಲು ತೆಗೆದಿದ್ದು ನಾನು,” ಎಂದಳು ಕಡ್ಡಿ. ಆಸ್ಪತ್ರೆಯ ಹೊಸ ವಾರ್ಡು ಬರುವ ವಾರ ಶುರುವಾಗುವುದಿತ್ತು.

ನ್ಯಾಯಾಧೀಶರು ತಕರಾರನ್ನು ಓದುತ್ತ ಓದುತ್ತ ಒಂದು ಕಡೆ ನಿಂತರು. “‘ಬ್ಯಾಂಕಿನ ಬೀಗ ಆದರೂ ತೆಗೆಯುತ್ತಾಳೆ.’ ಇದನ್ನ ಹೇಳಿದವರು ಯಾರು? ಇಲ್ಲಿದ್ದಾರಾ?”

ಅಜ್ಜ ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ. ವಕೀಲಮ್ಮ ಅವನನ್ನು ನೋಡಿದಳು, ಅಮ್ಮ ಅವನನ್ನು ನೋಡಿದಳು. ಅಜ್ಜ ಇಬ್ಬರನ್ನೂ ಬಿಟ್ಟು ಪಕ್ಕದಲ್ಲಿದ್ದ ಮಗನ ಕಡೆ ತಿರುಗಿದ.

“ಮಾತಾಡ್ಲೇನೋ?” ಎಂದ.

ಅಪ್ಪ ಅಜ್ಜನ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಅಜ್ಜ ಅವನನ್ನು ಒಂದು ಮಾತು ಕೇಳಿದ್ದ, ಅದೂ ಕೋರ್ಟಿನಲ್ಲಿ. “ಮಾತಾಡಿ ಅಪ್ಪಾ. ಆದ್ರೆ ಬ್ಯಾಂಕಿನ ಸುದ್ದಿ ಬೇಡ.”

ಫ್ಯಾನಿನ ಸದ್ದಿನ ನಡುವೆ ಯಾರೋ ನಕ್ಕರು. ಅಜ್ಜ ಕೈ ಮುಗಿದ.

“ಸ್ವಾಮಿ, ನಾನು ಹೇಳಿದ್ದು ನಿಜ. ಅವಳ ಕೈಗೆ ಯಾವ ಬೀಗವೂ ತಡೆಯಲ್ಲ. ಅದಕ್ಕೇ ಕೊಕ್ಕೆ ಕೊಡೋ ಮೊದಲು ನಿಯಮ ಕಲಿಸಿದೀನಿ. ಒಳಗೇನಿದೆ ಹೇಳಿ ಅಂತ ಕೇಳದೆ ನಾವು ಬಾಗಿಲು ಮುಟ್ಟಲ್ಲ. ಅವತ್ತೂ ಕೇಳಿದಾಳೆ. ಕೇಳದೆ ತೆಗೆದಿದ್ರೆ ಪೊಲೀಸರಿಗಿಂತ ಮೊದಲು ನಾನೇ ಹಿಡಿದು ಕೊಡ್ತಿದ್ದೆ.”

ವಕೀಲಮ್ಮ ಸರಕ್ಕನೆ ತಿರುಗಿದಳು. “ಇದನ್ನ ನನಗ್ಯಾಕೆ ಯಾರೂ ಹೇಳಲಿಲ್ಲ?”

ಹೇಳಬೇಕಾದ ವಿಷಯ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಊಟಕ್ಕೆ ಮೊದಲು ಕೈ ತೊಳೆದೆ ಎಂದು ಯಾರಾದರೂ ವಕೀಲರಿಗೆ ಹೇಳುತ್ತಾರೆಯೇ?

“ಅವತ್ತು ನೀವು ಏನಿದೆ ಅಂತ ಹೇಳಿದ್ರಿ?” ನ್ಯಾಯಾಧೀಶರು ಟೈಲರಕ್ಕನನ್ನು ಕೇಳಿದರು.

ಟೈಲರಕ್ಕ ಎದ್ದಳು. “ಕಿಟಕಿ ಕೆಳಗೆ ಮೇಜು, ಅದರ ಮೇಲೆ ಒಂದು ನೀಲಿ ಅಂಗಿ ಅಂದೆ. ಒಂದು ತೋಳು ಸೇರಿಸಿದೀನಿ, ಇನ್ನೊಂದು ಇನ್ನೂ ಕತ್ತರಿಸಿಲ್ಲ, ಸೀಮೆಸುಣ್ಣದ ಗೆರೆ ಮಾತ್ರ ಇದೆ ಅಂದೆ. ಟೀ ಕುಡಿದ ಲೋಟ ತೊಳೆದಿಲ್ಲ ಅಂತಲೂ ಹೇಳಿದೆ. ನಾಚಿಕೆ ಆಯ್ತು, ಆದ್ರೂ ಹೇಳಿದೆ.”

ನ್ಯಾಯಾಧೀಶರು ಹಳೆಯ ಕೇಸಿನ ಕಾಗದ ತಿರುವಿದರು. ಅವತ್ತು ಪೊಲೀಸರೇ ಕೋಣೆಯೊಳಗೆ ಹೋಗಿ ಕಂಡದ್ದನ್ನೆಲ್ಲ ಬರೆದುಕೊಂಡಿದ್ದರು. ಒಂದು ಪುಟದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: “‘ಮೇಜಿನ ಮೇಲೆ ಒಂದು ತೋಳಿನ ನೀಲಿ ಅಂಗಿ. ಒಂದು ಎಂಜಲು ಲೋಟ.’” ಪೊಲೀಸರ ಕಡೆಯ ವಕೀಲರತ್ತ ನೋಡಿದರು. “ಇನ್ನೇನಾದ್ರೂ ಹೇಳೋದಿದೆಯಾ?”

ಅವರು ಕಾಗದ ಮಡಚಿಟ್ಟರು. ಬಂಧನದ ದಾಖಲೆಯನ್ನು ಪೂರ್ತಿ ಅಳಿಸಬೇಕು ಎಂದು ಆದೇಶವಾಯಿತು. ಸಹಿ ಹಾಕುತ್ತ ನ್ಯಾಯಾಧೀಶರು, “ಅಜ್ಜಾ, ಇನ್ನು ಮೇಲೆ ಮೊಮ್ಮಗಳನ್ನ ಹೊಗಳೋದಿದ್ರೆ ಮನೆಯಲ್ಲೇ ಹೊಗಳಿ,” ಎಂದರು.

ಮೊಹರು ಬಿದ್ದ ಪ್ರತಿ ಕೈಗೆ ಬಂದಿದ್ದೇ ತಡ, ಎಲ್ಲರೂ ಅಲ್ಲಿಂದ ನೇರ ಸ್ಟೇಷನ್ನಿಗೆ. ಅಲ್ಲಿನ ಗುಮಾಸ್ತ ಆದೇಶ ಓದಿದ, ಪುಸ್ತಕದಲ್ಲಿ ಗೆರೆ ಎಳೆದ, ಕಂಪ್ಯೂಟರಿನಲ್ಲಿ ಏನೇನೋ ಒತ್ತಿದ. “ನೋಡಿ, ಈಗ ಹುಡುಕ್ತೀನಿ,” ಎಂದು ಕಡ್ಡಿಯ ಹೆಸರು ಬರೆದು ಪರದೆಯನ್ನು ಅವರ ಕಡೆ ತಿರುಗಿಸಿದ.

“‘ಏನೂ ಸಿಗಲಿಲ್ಲ,’” ಅಪ್ಪ ಓದಿದ. ಮತ್ತೊಮ್ಮೆ ಓದಿದ, ಈ ಸಲ ಸ್ಟೇಷನ್ನಿಗೆಲ್ಲ ಕೇಳುವ ಹಾಗೆ. “ಏನೂ ಸಿಗಲಿಲ್ಲ!” ಅಷ್ಟು ಸಿಹಿಯಾದ ವಾಕ್ಯವನ್ನು ಅವನು ಜನ್ಮದಲ್ಲೇ ಓದಿರಲಿಲ್ಲ. ಕಡ್ಡಿ ಅಮ್ಮನನ್ನು ಅಪ್ಪಿ ಎತ್ತಿ ಒಂದು ಸುತ್ತು ತಿರುಗಿಸಿದಳು. ಕಡ್ಡಿಯಂಥ ಹುಡುಗಿಗೆ ಅಷ್ಟು ಬಲ ಎಲ್ಲಿತ್ತೋ.

*

ಕೇಕು ಹಿಡಿದುಕೊಂಡು, ಟೈಲರಕ್ಕನನ್ನೂ ಊಟಕ್ಕೆ ಕರೆದುಕೊಂಡು, ಸಂಜೆ ಹೊತ್ತಿಗೆ ಮನೆ ಮುಟ್ಟಿದರು. ಬಾಗಿಲ ಮುಂದೆ ಎಲ್ಲರೂ ನಿಂತರು. ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಅಮ್ಮನನ್ನು ನೋಡಿದ.

“ಕೀ ಕೊಡು,” ಎಂದ.

“ನನ್ನ ಹತ್ರ ಎಲ್ಲಿದೆ? ನೀವಲ್ವಾ ಕೊನೇಲಿ ಬಂದಿದ್ದು?”

ಅಪ್ಪ ಇಸ್ತ್ರಿ ಪ್ಯಾಂಟಿನ ಜೇಬು ಮುಟ್ಟಿಕೊಂಡ. ಕೀಲಿ ಗೊಂಚಲು ದಿನದ ಪ್ಯಾಂಟಿನಲ್ಲಿ, ದಿನದ ಪ್ಯಾಂಟು ಒಳಗಿನ ಮೊಳೆಯಲ್ಲಿ. ಅಂಗಡಿಯ ಕೀಲಿಯೂ ಅದೇ ಗೊಂಚಲಿನಲ್ಲಿ. ವಕೀಲಮ್ಮನ ಮಾತಿಗೆ ಬೆಲೆ ಕೊಟ್ಟಿದ್ದರಿಂದ ಯಾರ ಜೇಬಿನಲ್ಲೂ ಒಂದು ಮೊಳೆಯಿಲ್ಲ. ಊರಿಗೆಲ್ಲ ಬಾಗಿಲು ತೆಗೆಯುವ ಮನೆತನ ತನ್ನ ಬಾಗಿಲಿನ ಹೊರಗೆ ನಿಂತಿತ್ತು.

ಮೊದಲು ಟೈಲರಕ್ಕನಿಗೆ ನಗು ಬಂತು. ಆಮೇಲೆ ಎದುರುಮನೆಯ ಕಿಟಕಿಯಲ್ಲಿ, ಪಕ್ಕದ ಮನೆಯ ಮೆಟ್ಟಿಲ ಮೇಲೆ. ಬೀದಿಯೇ ಸೇರಿತು.

“ಆ ಬೀಗ ನಾನೇ ಮಾಡಿದ್ದು. ಸುಲಭಕ್ಕೆ ಬಗ್ಗಲ್ಲ,” ಎಂದ ಅಜ್ಜ, ಇಂಥ ಹೊತ್ತಿನಲ್ಲೂ ಹೆಮ್ಮೆಯಿಂದ.

ಅಷ್ಟರಲ್ಲಿ ಸೈಕಲ್ಲಿನಲ್ಲಿ ಗಸ್ತಿನ ಪೇದೆ ಬಂದ. ಅವತ್ತು ಕಡ್ಡಿಯನ್ನು ಜೀಪು ಹತ್ತಿಸಿದ್ದವನೇ. “ಏನ್ ಗುಂಪು ಇಲ್ಲಿ?”

ಅಮ್ಮ ಆದೇಶದ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದಳು. ಪೇದೆ ಓದಿದ, ಬೀಗ ನೋಡಿದ, ಕಡ್ಡಿಯನ್ನು ನೋಡಿದ. ಮುಜುಗರದಿಂದ ಟೋಪಿ ಸರಿಮಾಡಿಕೊಂಡ. “ಕತ್ತಲಾಗ್ತಿದೆ. ಟಾರ್ಚ್ ಹಿಡೀಲಾ?” ಎಂದ.

ಅಮ್ಮ ತಲೆಯಿಂದ ಹೇರ್‌ಪಿನ್ ಎಳೆದಳು. ಕೊಡುವ ಮೊದಲು ಅಪ್ಪನ ಕಡೆ ನೋಡಿದಳು. ಅಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತಾನೇ ಹಲ್ಲಿನಲ್ಲಿ ಕಚ್ಚಿ ಬಗ್ಗಿಸಿ, ಮಗಳಿಗೆ ಕೊಟ್ಟ.

“ನೀನೇ ತೆಗಿ.”

ಕಡ್ಡಿ ಬಾಗಿಲ ಮುಂದೆ ಮಂಡಿಯೂರಿದಳು. ಅಜ್ಜ ಅವಳ ಹೆಗಲ ಮೇಲೆ ಕೈಯಿಟ್ಟು ತಡೆದ. ಮಗನ ಕಡೆ ತಿರುಗಿ, “ಒಳಗೇನಿದೆ ಹೇಳು,” ಎಂದ.

“ಅಪ್ಪಾ! ಇದು ನಿಮ್ಮ ಮನೆ!”

“ನಿಯಮ ಅಂದ್ರೆ ನಿಯಮ. ಪೊಲೀಸರು ಬೇರೆ ನಿಂತಿದಾರೆ. ಹೇಳು.”

ಬೀದಿಯೆಲ್ಲ ನಕ್ಕಿತು. ಅಪ್ಪನೂ ನಗುತ್ತಲೇ ಶುರು ಮಾಡಿದ. “ಸಿಂಕಿನಲ್ಲಿ ಬೆಳಗಿನ ಲೋಟಗಳು. ಪಾತ್ರೆಯಲ್ಲಿ ನೆನೆಸಿದ ಕಾಳು. ಕುರ್ಚಿ ಮೇಲೆ ನಿಮ್ಮ ಒದ್ದೆ ಟವೆಲು, ಎಷ್ಟು ಹೇಳಿದ್ರೂ ಅಲ್ಲೇ ಹಾಕ್ತೀರಿ. ಮೊಳೆಯಲ್ಲಿ ನನ್ನ ಪ್ಯಾಂಟು.” ನಿಂತ. ನಗು ಹೋಯಿತು. “ಮತ್ತೆ... ಮೇಲಿನ ಹಲಗೆ ಮೇಲೆ ಅಕ್ಕಿ ಡಬ್ಬ. ಡಬ್ಬದ ಹಿಂದೆ ಇವಳ ಕೊಕ್ಕೆ ಸುರುಳಿ.”

ಕಡ್ಡಿ ಬೀಗದಿಂದ ಕಣ್ಣು ತೆಗೆದು ತಿರುಗಿದಳು. “ಪೊಲೀಸರು ಕೊಟ್ಟಿಲ್ಲ ಅಂದಿದ್ಯಲ್ಲ ಅಪ್ಪಾ.”

“ನಾವು ಕೇಸು ಮುಗಿದ ದಿನವೇ ಕೊಟ್ವಲ್ಲ,” ಎಂದ ಪೇದೆ, ಕೇಳದಿದ್ದರೂ.

“ಕೊಟ್ಟಿದ್ರು,” ಎಂದ ಅಪ್ಪ. “ನಾನೇ ಬಚ್ಚಿಟ್ಟೆ. ಆ ಜೀಪಿನ ಹಿಂದೆ ಇನ್ನೊಂದು ಸಲ ಓಡೋಕೆ ನನ್ನ ಕೈಲಾಗಲ್ಲ ಮಗಾ. ಅಷ್ಟೇ.”

ಕಡ್ಡಿ ಮತ್ತೆ ಬೀಗದ ಕಡೆ ತಿರುಗಿ, ಕಣ್ಣು ಮುಚ್ಚಿ, ಪಿನ್ನನ್ನು ಒಳಗೆ ತೂರಿಸಿದಳು. ಪೇದೆ ಟಾರ್ಚನ್ನು ಎರಡೂ ಕೈಯಿಂದ ಹಿಡಿದಿದ್ದ. ಅಜ್ಜನ ತುಟಿಗಳು ಒಂದೊಂದೇ ಮುಳ್ಳನ್ನು ಎಣಿಸುವಂತೆ ಆಡುತ್ತಿದ್ದವು. ಒಳಗೆ ಏನೋ ಟಕ್ ಎಂದಿತು, ಬಾಗಿಲು ಬಿಟ್ಟುಕೊಂಡಿತು. ಬೀದಿಯವರು ಚಪ್ಪಾಳೆ ತಟ್ಟಿದರು, ಪೇದೆಯೂ ಟಾರ್ಚನ್ನು ಕಂಕುಳಲ್ಲಿಟ್ಟುಕೊಂಡು ತಟ್ಟಿದ.

ಕಡ್ಡಿ ನೇರ ಅಡುಗೆಮನೆಗೆ ಹೋಗಿ ಸ್ಟೂಲು ಹತ್ತಿದಳು. ಅಕ್ಕಿ ಡಬ್ಬದ ಹಿಂದಿನಿಂದ ಸುರುಳಿ ಇಳಿಸಿ, ಮೇಜಿನ ಮೇಲಿಟ್ಟು ಬಿಚ್ಚಿದಳು. ಒಂದು ವರ್ಷ ಬಿದ್ದಿದ್ದ ಸಾಮಾನು, ತುಕ್ಕು ಹಿಡಿದಿರುತ್ತದೆ ಎಂದುಕೊಂಡಿದ್ದಳು. ಕೊಕ್ಕೆಗಳೆಲ್ಲ ಹೊಸದರಂತೆ ಹೊಳೆಯುತ್ತಿದ್ದವು. ಬೆರಳಿಗೆ ಎಣ್ಣೆ ಹತ್ತಿತು, ಹಸಿ ಎಣ್ಣೆ.

“ಯಾರು ಹಚ್ಚಿದ್ದು ಇದಕ್ಕೆ?”

ಅಪ್ಪ ಬಾಗಿಲಲ್ಲೇ ನಿಂತು ಕಾಲರು ಸಡಿಲ ಮಾಡಿಕೊಳ್ಳುತ್ತಿದ್ದ. “ಭಾನುವಾರ ಭಾನುವಾರ ಒರೆಸಿ ಇಡ್ತಿದ್ದೆ. ನೀವೆಲ್ಲ ಮಾರ್ಕೆಟ್ಟಿಗೆ ಹೋದಾಗ,” ಎಂದ. “ಒಳ್ಳೇ ಸಾಮಾನು. ಹಾಳಾಗಬಾರದಲ್ಲ.”

ಕಡ್ಡಿ ಎಣ್ಣೆ ಕೈಯಲ್ಲೇ ಅಪ್ಪನನ್ನು ಅಪ್ಪಿಕೊಂಡಳು. ಇಸ್ತ್ರಿ ಷರಟಿನ ಬೆನ್ನ ಮೇಲೆ ಹತ್ತು ಬೆರಳೂ ಮೂಡಿದವು. ಅಮ್ಮ ನೋಡಿದಳು, ಅವತ್ತೊಂದು ದಿನ ಬೈಯಲಿಲ್ಲ.

ಊಟಕ್ಕೆ ಮೇಜು ಸಾಲಲಿಲ್ಲ. ಟೈಲರಕ್ಕ ಸ್ಟೂಲಿನ ಮೇಲೆ, ಬೇಡ ಬೇಡ ಎನ್ನುತ್ತಲೇ ಕೂತ ಪೇದೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿ. ಅಜ್ಜ ಒಂದು ತುತ್ತು ಬಾಯಿಗಿಟ್ಟು, ಮುಖ ಹಿಂಡಿ, ಮೇಜಿನಾಚೆ ನೋಡಿದ.

“ಉಪ್ಪು ಕೊಡೋ,” ಎಂದ ಮಗನಿಗೆ.

“ಡಾಕ್ಟರು ಬೇಡ ಅಂದಿದಾರೆ ಅಪ್ಪಾ,” ಎಂದು ಅಪ್ಪ ಡಬ್ಬಿ ದಾಟಿಸಿದ.